ಗುಂಡಿಗಿಳಿದ ಕರೆಂಟು ಎಲ್ಲಿಗೆ ಹೋಗುತ್ತದೆ?

ಹಲಸೂರಿಗೆ ಅಂಟಿಕೊಂಡ ಜೋಗುಪಾಳ್ಯದ ಹಳೆಯ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳೇ ಹೆಚ್ಚು. ಅಂಥಲ್ಲಿ ಅರ್ಥಿಂಗ್ ಗುಂಡಿಗೆ ಜಾಗ ಹೊಂದಿಸುವುದೇ ಕಷ್ಟ. ಒಂದು ಮೂಲೆ ನೀರಿನ ಸಂಪಿಗೆ, ಇನ್ನೊಂದು ಸ್ಕೂಟರಿಗೆ. ಮಿಕ್ಕ ಜಾಗದಲ್ಲಿ ಜಿಐ ಪೈಪು ಇಳಿಸಿ, ಸುತ್ತ ಉಪ್ಪು, ಇದ್ದಿಲು ತುಂಬಿ ಮುಚ್ಚುತ್ತಾರೆ. ಮೇಲೆ ಟೈಲ್ಸ್ ಬಿದ್ದರೆ ಪೈಪು ಎಲ್ಲಿತ್ತೆಂಬುದೇ ಮರೆತುಹೋಗುತ್ತದೆ.

ಕರೆಂಟಿಗೂ ನೆಲಕ್ಕೂ ನಂಟು ಬೆಳೆದದ್ದು ಜೀವ ಕಾಯಲೆಂದಲ್ಲ, ತಂತಿ ಉಳಿಸಲೆಂದು. ಟೆಲಿಗ್ರಾಫಿಗೆ ಎರಡು ತಂತಿ ಬೇಕಿಲ್ಲ, ಒಂದನ್ನೆಳೆದು ಎರಡೂ ತುದಿಯಲ್ಲಿ ತಗಡು ಹೂತರೆ ನೆಲವೇ ಮರಳುವ ದಾರಿಯಾಗುತ್ತದೆಂದು 1838ರಲ್ಲಿ ತೋರಿಸಿದವರು ಮ್ಯೂನಿಕ್‌ನ ಕಾರ್ಲ್ ಆಗಸ್ಟ್ ಸ್ಟೈನ್‌ಹೈಲ್. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿದೀಪಕ್ಕೂ ಬಂತು. ಬರೀ ದೀಪಕ್ಕಾದರೆ ಅರ್ಥಿಂಗ್ ಅಷ್ಟು ಬೇಕೆನಿಸದು: ಸೂರಿನಿಂದ ತೂಗುವ ಬಲ್ಬನ್ನು ಯಾರೂ ತಬ್ಬಿ ನಿಲ್ಲುವುದಿಲ್ಲ. ಇಸ್ತ್ರಿಪೆಟ್ಟಿಗೆ, ಗೀಸರ್, ಫ್ರಿಜ್ ಮನೆ ಹೊಕ್ಕ ಮೇಲೆ, ಕೈ ತಾಗುವ ಲೋಹವನ್ನು ನೆಲಕ್ಕೆ ಜೋಡಿಸುವ ಮೂರನೆಯ ತಂತಿ ಬೇಕಾಯಿತು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಉದ್ದವಿರುವುದು ಅದಕ್ಕೇ: ಮೊದಲು ಒಳಹೋಗಬೇಕು, ಕೊನೆಗೆ ಹೊರಬರಬೇಕು.

ಸೋರಿದ ಕರೆಂಟನ್ನು ಭೂಮಿ ನುಂಗಿಬಿಡುತ್ತದೆ ಎಂಬ ನಂಬಿಕೆ ಇಂದಿಗೂ ಗಟ್ಟಿಯಾಗಿದೆ. ಭೂಮಿ ಏನನ್ನೂ ನುಂಗುವುದಿಲ್ಲ. ಕರೆಂಟು ಮಣ್ಣಿನೊಳಗಿಂದ ಹಾದು, ಬೀದಿಯ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್‌ಗೆ ಮರಳಲೇಬೇಕು. ಆ ದಾರಿ ಎಷ್ಟು ಸಲೀಸು ಎಂಬುದು ಮಣ್ಣಿನ ಕೈಯಲ್ಲಿದೆ. ಧಾರವಾಡ ಸೀಮೆಯ ಹಸಿ ಎರೆಮಣ್ಣು ಕರೆಂಟನ್ನು ಸುಲಭವಾಗಿ ಹರಿಯಬಿಡುತ್ತದೆ. ಬೆಂಗಳೂರಿನ ಬುಡದಲ್ಲಿರುವುದು ಲಾಲ್‌ಬಾಗ್ ಬಂಡೆಯ ಜಾತಿಯ ಗಟ್ಟಿ ನೈಸ್ ಶಿಲೆ. ಅದರ ಮೇಲಿನ ಕೆಂಪುಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಸಾಗಿ ಕರೆಂಟಿಗೆ ಅಡ್ಡಿಯಾಗುತ್ತದೆ.

ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. 100 ಓಮ್-ಮೀಟರ್ ರೋಧಶೀಲತೆಯ ಸಾಧಾರಣ ಮಣ್ಣಿಗೆ ಎರಡೂವರೆ ಮೀಟರ್ ಪೈಪು ಇಳಿಸಿದರೂ ಸುಮಾರು 35 ಓಮ್ ಅಡ್ಡಿ ಉಳಿಯುತ್ತದೆ. ಈ ಗುಂಡಿಯೊಂದನ್ನೇ ನಂಬಿದರೆ 230 ವೋಲ್ಟ್‌ನಲ್ಲಿ ಹರಿಯುವುದು 7 ಆಂಪಿಯರ್‌ಗೂ ಕಡಿಮೆ. ಮಿತಿಮೀರಿದ ಕರೆಂಟಿಗೆ ತಾನೇ ಬೀಳುವ 16 ಆಂಪಿಯರ್‌ನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಎಂಸಿಬಿ ಬೀಳುವುದಿಲ್ಲ, ಗೀಸರಿನ ಮೈಯಲ್ಲಿ ಕರೆಂಟು ಹಾಗೇ ಇರುತ್ತದೆ. ಈ ಕೊರತೆಯನ್ನು ತುಂಬುವುದು ಆರ್‌ಸಿಸಿಬಿ. ಹೋದ ಕರೆಂಟಿಗೂ ಬಂದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಕಣ್ಣುಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ಗುಂಡಿಗೆ ದುಡ್ಡು ಹಾಕಿ ಇದನ್ನು ಕೈಬಿಡುವ ಮನೆ ಅರ್ಧ ರಕ್ಷಣೆಯಲ್ಲೇ ಬದುಕುತ್ತಿರುತ್ತದೆ.

ಸಬ್‌ಸ್ಟೇಷನ್ನಿನಲ್ಲಿ ಒಂದೆರಡು ಗುಂಡಿ ಸಾಲದು. ಅಂಗಳದಡಿ ಇಡೀ ಉಕ್ಕಿನ ಪಟ್ಟಿಗಳ ಜಾಲವನ್ನೇ ಹೂಳುತ್ತಾರೆ. ಮೇಲೆ ಹರಡಿದ ಜಲ್ಲಿ ಬರೀ ಕಳೆ ತಡೆಯಲಿಕ್ಕಲ್ಲ; ಕೆಲಸಗಾರರ ಪಾದಕ್ಕೂ ನೆಲಕ್ಕೂ ನಡುವೆ ಅದೇ ತಡೆ. ದೋಷವಾದ ಗಳಿಗೆಯಲ್ಲಿ ನೆಲದಲ್ಲೇ ವೋಲ್ಟೇಜ್ ಏರಿ, ಒಂದು ಹೆಜ್ಜೆಯ ಅಂತರದಲ್ಲಿ ಎರಡು ಪಾದಗಳ ನಡುವೆ ಕರೆಂಟು ಹರಿಯಬಹುದು.

ಬೀದಿಯಲ್ಲಿ ಆ ಜಾಲವೂ ಇಲ್ಲ, ಜಲ್ಲಿಯೂ ಇಲ್ಲ. 2023ರ ನವೆಂಬರ್ 19ರಂದು ಬೆಂಗಳೂರಿನ ಕಾಡುಗೋಡಿ ಬಳಿಯ ಹೋಪ್‌ಫಾರಂನಲ್ಲಿ ಫುಟ್‌ಪಾತಿನ ಮೇಲೆ ಬಿದ್ದಿದ್ದ 11 ಕೆ.ವಿ. ತಂತಿ ತುಳಿದು ತಾಯಿಯೂ ಹಸುಗೂಸೂ ತೀರಿಕೊಂಡರು. ಒಣ ಕಾಂಕ್ರೀಟಿನ ಮೇಲೆ ಬಿದ್ದ ತಂತಿಯಿಂದ ನೆಲಕ್ಕೆ ಹರಿಯುವ ಕರೆಂಟು ಕೆಲವೊಮ್ಮೆ ತೀರ ಕಡಿಮೆ. ದೋಷ ಪತ್ತೆಹಚ್ಚುವ ಸಬ್‌ಸ್ಟೇಷನ್ನಿನ ರಿಲೇ ಅದನ್ನು ಗುರುತಿಸದೇ ಹೋಗಬಹುದು. ಆದ್ದರಿಂದಲೇ ಬಿದ್ದ ತಂತಿ ಸತ್ತಿದೆಯೆಂದು ಯಾವತ್ತೂ ಎಣಿಸಬಾರದು. ಹತ್ತಿರವಿದ್ದವರು ದಾಪುಗಾಲು ಹಾಕದೆ, ಎರಡೂ ಪಾದ ಜೋಡಿಸಿ, ನೆಲ ಬಿಡದಂತೆ ಇಂಚಿಂಚೇ ಸರಿಸುತ್ತ ದೂರ ಹೋಗಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಬೇಕು.