ದುಂಬಿಯ ಬೇಸಾಯ

ಮಳೆಗಾಲವು ಕಳೆದು ಬಿಸಿಲು ಮೂಡಿದ ಮೇಲೆ ಕೊಡಗಿನ ರೊಬಸ್ಟಾ ಕಾಫಿ ತೋಟಗಳಲ್ಲಿ ಒಂದು ವಿಚಿತ್ರ ನೋಟವು ಕಣ್ಣಿಗೆ ಬೀಳುವುದುಂಟು. ಹಚ್ಚಹಸುರಾದ ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಎಳೆಯ ರೆಂಬೆ ಮಾತ್ರ ಎಲೆ ಬಾಡಿ, ಒಣಗಿ, ಕಪ್ಪಾಗಿ ನಿಂತಿರುತ್ತದೆ. ಬೇರಿನಲ್ಲಿ ದೋಷವಿಲ್ಲ, ನೀರಿಗೆ ಕೊರತೆಯಿಲ್ಲ. ಆ ರೆಂಬೆಯ ಅಡಿಭಾಗವನ್ನು ತಿರುಗಿಸಿ ನೋಡಿದರೆ ಗುಂಡುಸೂಜಿಯ ತಲೆಯಷ್ಟೂ ಇಲ್ಲದ ಒಂದು ತೂತು ಕಾಣುತ್ತದೆ. ರೊಬಸ್ಟಾ ಗಿಡವು ಹಿಂದಿನ ವರ್ಷ ಬೆಳೆದ ರೆಂಬೆಯ ಮೇಲೆ ಹೂ ಬಿಡುವುದರಿಂದ, ಇಂದು ಒಣಗಿದ ರೆಂಬೆಯೊಂದಿಗೆ ಬೆಳೆಗಾರನ ಮುಂದಿನ ಫಸಲಿನ ಒಂದು ಪಾಲೂ ಹೋದಂತೆಯೇ.

ಆ ತೂತನ್ನು ಕೊರೆದದ್ದು ಎರಡು ಮಿಲಿಮೀಟರ್ ಉದ್ದವೂ ಇಲ್ಲದ ಒಂದು ಕರಿಯ ದುಂಬಿ. ಬೆಳೆಗಾರರು ಇದನ್ನು ಕೊಂಬೆಕೊರಕವೆನ್ನುತ್ತಾರೆ. ಶಾಸ್ತ್ರೀಯ ಹೆಸರು ಕ್ಸೈಲೊಸ್ಯಾಂಡ್ರಸ್ ಕಾಂಪ್ಯಾಕ್ಟಸ್. ಮರವನ್ನು ಕೊರೆಯುವ ಹುಳುವು ಮರವನ್ನೇ ತಿನ್ನುತ್ತದೆಯೆಂದು ಯಾರಾದರೂ ಭಾವಿಸುವುದು ಸಹಜ. ಅರೇಬಿಕಾ ಕಾಫಿಯ ಶತ್ರುವಾದ ಬಿಳಿ ಕಾಂಡಕೊರಕದ ಮರಿಹುಳುವು ಹಾಗೆ ತಿನ್ನುವುದೂ ನಿಜ. ಆದರೆ ಈ ಕಿರುದುಂಬಿಗೆ ಮರವು ಆಹಾರವಲ್ಲ, ಹೊಲ. ಕೊರೆದ ಪುಡಿಯನ್ನು ಅದು ತಿನ್ನದೆ ಹೊರಕ್ಕೆ ತಳ್ಳುತ್ತದೆ.

ಹಾಗಾದರೆ ಅದು ಬದುಕುವುದು ಏನನ್ನು ತಿಂದು? ಈ ಪ್ರಶ್ನೆಯು ಯುರೋಪಿನ ವಿದ್ವಾಂಸರನ್ನೂ ಕಾಡಿತ್ತು. ಆಸ್ಟ್ರಿಯದ ಷ್ಮಿಡ್‌ಬರ್ಗರ್ ಎಂಬಾತನು 1836ರಲ್ಲಿ ಇಂಥ ಸುರಂಗಗಳ ಗೋಡೆಗೆ ಅಂಟಿದ ಬಿಳಿಯ ಲೇಪವನ್ನು ಕಂಡು, ಅದಕ್ಕೆ ಗ್ರೀಕ್ ದೇವತೆಗಳ ಆಹಾರದ ಹೆಸರನ್ನಿಟ್ಟು ‘ಆಂಬ್ರೋಸಿಯಾ’ ಎಂದು ಕರೆದನು. ನಮ್ಮ ಮಾತಿನಲ್ಲಿ ಅಮೃತವೆನ್ನಬಹುದು. ಅದು ಮರದ ರಸವಲ್ಲ, ಒಂದು ಬಗೆಯ ಶಿಲೀಂಧ್ರವೆಂಬುದನ್ನು 1844ರಲ್ಲಿ ಜರ್ಮನಿಯ ಹಾರ್ಟಿಗ್ ಗುರುತಿಸಿದನು. ಹಳಸಿದ ಅನ್ನದ ಮೇಲೆ ಬೆಳೆಯುವ ಬೂಷ್ಟಿನ ದೂರದ ನೆಂಟನು ದೇವತೆಗಳ ಆಹಾರವಾದದ್ದು ಹೀಗೆ!

ಈ ಬೆಳೆಗೆ ಬೀಜವು ಎಲ್ಲಿಂದ ಬರುತ್ತದೆಂಬುದು ಇನ್ನೂ ಸೋಜಿಗದ ಸಂಗತಿ. ಹೆಣ್ಣು ದುಂಬಿಯ ಎದೆಯ ಭಾಗದಲ್ಲಿ ಒಂದು ಪುಟ್ಟ ಚೀಲವಿರುತ್ತದೆ. ತಾನು ಹುಟ್ಟಿದ ಗೂಡನ್ನು ಬಿಡುವಾಗ ಅದು ಶಿಲೀಂಧ್ರದ ಬೀಜಕಗಳನ್ನು ಈ ಚೀಲದಲ್ಲಿ ತುಂಬಿಕೊಂಡೇ ಹೊರಡುತ್ತದೆ. ರೈತನು ಬಿತ್ತನೆಗೆಂದು ಕಾಳನ್ನು ಎತ್ತಿಡುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಎಳೆಯ ರೆಂಬೆಯ ತಿರುಳಿನವರೆಗೆ ಕೊರೆದು ಅಲ್ಲೊಂದು ಕೋಣೆ ಮಾಡಿ, ಅದರ ಗೋಡೆಯಲ್ಲಿ ಬೀಜಕಗಳನ್ನು ಬಿತ್ತುತ್ತದೆ. ಮೊಟ್ಟೆಯಿಟ್ಟು, ಕಾವಲು ಕಾಯುತ್ತದೆ. ಮರಿಹುಳುಗಳಿಗೆ ಆ ಬೆಳೆಯೊಂದೇ ಆಹಾರ. ಸುಮಾರು ಒಂದು ತಿಂಗಳಲ್ಲಿ ಅವು ದುಂಬಿಗಳಾಗುತ್ತವೆ. ಗಂಡುಗಳು ಕೆಲವೇ ಕೆಲವು; ಅವುಗಳಿಗೆ ಹಾರಲು ಬಾರದು. ಹೆಣ್ಣುಗಳು ಗೂಡಿನಲ್ಲಿಯೇ ಕೂಡಿ, ಚೀಲ ತುಂಬಿಕೊಂಡು, ತಾಯಿ ಕೊರೆದ ತೂತಿನಿಂದಲೇ ಹೊರಬೀಳುತ್ತವೆ. ಮನುಷ್ಯನು ಬೇಸಾಯವನ್ನು ಕಲಿತು ಸುಮಾರು ಹತ್ತು ಸಾವಿರ ವರ್ಷಗಳಾದವು. ದುಂಬಿಗಳ ಬೇಸಾಯವು ಕೋಟ್ಯಂತರ ವರ್ಷಗಳಷ್ಟು ಹಳೆಯದು.

ಈ ಸಹಜೀವನದಲ್ಲಿ ಇಬ್ಬರಿಗೂ ಲಾಭವಿದೆ. ಶಿಲೀಂಧ್ರಕ್ಕೆ ಹಾರಲು ಬಾರದು, ದುಂಬಿಗೆ ಮರವು ಜೀರ್ಣವಾಗದು. ನಷ್ಟವೆಲ್ಲವೂ ಗಿಡದ ಪಾಲಿಗೆ. ಕಾಫಿಯ ಕೊಂಬೆಕೊರಕವು ಮುಖ್ಯವಾಗಿ ಸಾಕುವುದು ಆಂಬ್ರೋಸಿಯೆಲ್ಲಾ ಎಂಬ ಶಿಲೀಂಧ್ರವನ್ನು. ಅದರ ಸುರಂಗಗಳಲ್ಲಿ ಫ್ಯುಸೇರಿಯಂ ಎಂಬ ಇನ್ನೊಂದು ಬಗೆಯೂ ಕಂಡುಬಂದಿದೆ. ತಿರುಳು ಟೊಳ್ಳಾಗಿ, ಶಿಲೀಂಧ್ರವು ಸುತ್ತಲಿನ ಮರಕ್ಕೆ ಹಬ್ಬಿದಂತೆ ನೀರಿನ ದಾರಿಯು ಕೆಡುತ್ತದೆ. ತೂತಿನಿಂದ ತುದಿಯವರೆಗಿನ ರೆಂಬೆಯು ಒಣಗುತ್ತದೆ.

ಇವುಗಳ ಬಳಗದ ಅನೇಕ ದುಂಬಿಗಳು ಸೊರಗಿದ ಮರಗಳನ್ನೇ ಹುಡುಕಿಕೊಂಡು ಬರುತ್ತವೆ. ಬೇರಿಗೆ ಗಾಳಿಯಾಡದಿದ್ದಾಗ ಮರದೊಳಗೆ ಮದ್ಯಸಾರವು ಉಂಟಾಗುತ್ತದೆ. ಅದರ ವಾಸನೆಯೇ ಅವುಗಳಿಗೆ ಕರೆಯೋಲೆ. ಆ ಮದ್ಯಸಾರವು ಸಾಕಿದ ಶಿಲೀಂಧ್ರಕ್ಕೆ ಒಗ್ಗುತ್ತದೆ, ಬೇರೆ ಬೂಷ್ಟುಗಳನ್ನು ತಡೆಯುತ್ತದೆಯೆಂದು 2018ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಮರವು ತಾನೇ ತನ್ನ ಶತ್ರುವಿನ ಹೊಲದ ಕಳೆ ಕಿತ್ತಂತಾಯಿತು! ಕಾಫಿ ತೋಟಗಳಿಂದ ದೂರವಿರುವ ಬಯಲುಸೀಮೆಯ ಊರುಗಳಲ್ಲಿಯೂ ಈ ಮಾತು ನೆನಪಿನಲ್ಲಿರಬೇಕು. ಬೆಂಗಳೂರಿನ ಹೊರವಲಯದ ಸರ್ಜಾಪುರದಂಥ ಕಡೆಗಳಲ್ಲಿ ಬಡಾವಣೆಗಾಗಿ ಹಳೆಯ ಮರದ ಬುಡಕ್ಕೆ ಮಣ್ಣು ಸುರಿದು ನೀರು ನಿಲ್ಲಿಸಿದರೆ, ಆ ಮರವೂ ಇಂಥ ಕರೆಯೋಲೆಯನ್ನು ಕಳುಹಿಸಬಲ್ಲದು. ಕಾಫಿಯ ಕೊಂಬೆಕೊರಕವಾದರೋ ಆರೋಗ್ಯವಾಗಿರುವ ರೆಂಬೆಯನ್ನೂ ಬಿಡುವುದಿಲ್ಲ. ಅದರ ಅಪಾಯವು ಹೆಚ್ಚಾಗಿರುವುದು ಇದರಿಂದಲೇ.

ಸಿಂಪಡಿಸಿದ ಔಷಧವು ತಿರುಳಿನೊಳಗೆ ಅಡಗಿದ ಸಂಸಾರವನ್ನು ಮುಟ್ಟುವುದು ಕಷ್ಟ. ಆದ್ದರಿಂದ ಬೆಳೆಗಾರರಿಗೆ ಕತ್ತರಿಯೇ ಮೇಲಾದ ಆಯುಧ. ತೂತಿನಿಂದ ಎರಡು ಮೂರು ಅಂಗುಲ ಹಿಂದಕ್ಕೆ ರೆಂಬೆಯನ್ನು ಕತ್ತರಿಸಬೇಕು. ಬೇಸಗೆಯಲ್ಲಿ ಬೇಡದ ಚಿಗುರುಗಳನ್ನು ತೆಗೆಯಬೇಕು. ನೆರಳು ದಟ್ಟವಾಗದಂತೆ, ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಕತ್ತರಿಸಿದ್ದನ್ನು ಗಿಡದ ಬುಡದಲ್ಲಿಯೇ ಎಸೆದರೆ ಪಟ್ಟ ಶ್ರಮವು ವ್ಯರ್ಥ. ಬಿದ್ದ ರೆಂಬೆಯೊಳಗೂ ಬೆಳೆಯು ಕೆಲಕಾಲ ಉಳಿದಿರುತ್ತದೆ, ಮರಿಗಳು ಅದನ್ನು ತಿಂದು ಬಲಿಯುತ್ತವೆ, ಬೀಜದ ಚೀಲ ಹೊತ್ತ ಹೆಣ್ಣುಗಳು ಪಕ್ಕದ ಗಿಡಕ್ಕೆ ಹಾರುತ್ತವೆ. ಅದನ್ನು ಆಯ್ದು, ಒಂದೆಡೆ ರಾಶಿ ಹಾಕಿ, ಕೂಡಲೇ ಸುಡಬೇಕಾಗುತ್ತದೆ.