ಹದಿಹರೆಯದವರ ದೀರ್ಘಸ್ನಾನವೂ ಮನೆವಾರ್ತೆಯ ಲೆಕ್ಕವೂ

ಹದಿಮೂರು ಹದಿನಾಲ್ಕು ವರ್ಷ ತುಂಬಿದ ಮಕ್ಕಳುಳ್ಳ ಮನೆಗಳಲ್ಲಿ ಈಗಿನ ದಿವಸಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಒಂದು ವ್ಯಾಜ್ಯವುಂಟು. ಮಗಳು ಬೆಳಿಗ್ಗೆ ಒಂದಾವೃತ್ತಿ, ಶಾಲೆಯಿಂದ ಬಂದ ಮೇಲೆ ಮತ್ತೊಂದಾವೃತ್ತಿ ಸ್ನಾನದ ಕೋಣೆಯನ್ನು ಹೊಕ್ಕು ಅಗಳಿ ಹಾಕಿಕೊಂಡಳೆಂದರೆ ಅರ್ಧ ಗಂಟೆಯಾದರೂ ಹೊರಗೆ ಬರಲೊಲ್ಲಳು. ತಂದೆಗೆ ವಿದ್ಯುತ್ತಿನ ಬಿಲ್ಲಿನ ಚಿಂತೆ. ತಾಯಿಗೆ ತೊಟ್ಟಿಯ ನೀರಿನ ಚಿಂತೆ. ತನ್ನ ಸರದಿಗೆ ತಣ್ಣೀರೇ ಉಳಿಯಿತೆಂದು ತಮ್ಮನ ದೂರು. ಇಷ್ಟು ಹೊತ್ತು ಒಳಗೆ ಮಾಡುವುದೇನೆಂದು ಅಜ್ಜಿಯ ಸಂಶಯ. ಒಬ್ಬೊಬ್ಬರ ಆಕ್ಷೇಪಣೆಯೂ ಬೇರೆ ಬೇರೆಯಾಗಿದ್ದಾಗ್ಯೂ ಎಲ್ಲರೂ ಬಡಿಯುವುದು ಒಂದೇ ಕದವನ್ನಾದುದರಿಂದ, ಒಳಗಿರುವವಳಿಗೆ ಅದೆಲ್ಲವೂ ಒಂದೇ ಗದ್ದಲವಾಗಿ ಕೇಳಿಸುವುದೇ ಹೊರತು, ಯಾರ ಮಾತಿನಲ್ಲಿ ಎಷ್ಟು ನ್ಯಾಯವಿದೆಯೆಂದು ತಿಳಿಯಲು ಆಸ್ಪದವಿರುವುದಿಲ್ಲ. ಈ ಆಕ್ಷೇಪಣೆಗಳನ್ನು ಬಿಡಿಬಿಡಿಯಾಗಿ ತೂಗಿ ನೋಡುವುದು ಮಾತಾಪಿತೃಗಳಿಗೂ, ಈಗ ತಾವೇ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಉಪಯುಕ್ತವಾಗಬಹುದೆಂದು ಎಣಿಸಿ ಇದನ್ನು ಬರೆದಿರುತ್ತೇನೆ.

ನಮ್ಮ ಹಿರಿಯರ ಕಾಲದಲ್ಲಿ ಈ ವ್ಯಾಜ್ಯವು ಹೆಚ್ಚಾಗಿ ಇರಲಿಲ್ಲ. ಅದಕ್ಕೆ ಕಾರಣವು ಆಗಿನ ಮಕ್ಕಳ ವಿಧೇಯತೆಯೆಂದು ಕೆಲವರು ಹೇಳುವರು. ನನಗೆ ಹಾಗೆ ತೋರುವುದಿಲ್ಲ. ಬಚ್ಚಲುಮನೆಯ ತಾಮ್ರದ ಹಂಡೆಗೆ ತನ್ನದೇ ಆದ ಅಳತೆಯಿತ್ತು. ಬಾವಿಯಿಂದ ಸೇದಿ ತುಂಬಿದಷ್ಟೇ ನೀರು, ಒಲೆಗೆ ಇಟ್ಟ ಸೌದೆ, ತೆಂಗಿನ ಗರಿ, ಕರಟಗಳು ಉರಿದಷ್ಟೇ ಬಿಸಿ. ಹಂಡೆಯ ತಳ ಕಂಡಾಗ ಸ್ನಾನ ಮುಗಿಯಿತು; ಇನ್ನೂ ಬೇಕೆಂದವರು ತಾವೇ ಹಗ್ಗ ಹಿಡಿಯಬೇಕಾಗಿತ್ತು. ದೀಪಾವಳಿಯ ಮೊದಲ ಸಂಜೆ ಹಂಡೆಯನ್ನು ಬೆಳಗಿ, ಬಳ್ಳಿ ಸುತ್ತಿ, ನೀರು ತುಂಬುವುದನ್ನೇ ಒಂದು ಹಬ್ಬವನ್ನಾಗಿ ಆಚರಿಸುವ ನಾಡಿನಲ್ಲಿ ಬಿಸಿನೀರು ಪುಕ್ಕಟೆಯಾಗಿ ಬರುವ ವಸ್ತುವೆಂದು ಯಾರೂ ಎಣಿಸುವಂತಿರಲಿಲ್ಲ. ವಸತಿಗೃಹದಲ್ಲಿದ್ದು ಓದಿದವರಿಗೆ ಬಕೆಟ್ಟು ಹಿಡಿದು ಬಿಸಿನೀರಿಗಾಗಿ ನಿಂತ ಸಾಲು ಈಗಲೂ ಜ್ಞಾಪಕದಲ್ಲಿರಬಹುದು. ಗೋಡೆಯೊಳಗಿನ ಕೊಳವೆ, ಮೇಲಿನಿಂದ ಸುರಿಯುವ ಷವರು, ಗುಂಡಿ ಒತ್ತಿದರೆ ಕಾಯುವ ಗೀಸರು, ಇವು ಬಂದ ಮೇಲೆ ಆ ಅಳತೆಯು ಕಣ್ಣಿಗೆ ಮರೆಯಾಯಿತು. ಕಾಣದ ಅಳತೆಯನ್ನು ಮೀರಿದಳೆಂದು ಮಗುವನ್ನು ಗದರಿಸುವುದರಲ್ಲಿ ಅಷ್ಟೇನೂ ನ್ಯಾಯವಿಲ್ಲ.

ಈ ಪ್ರಾಯದವರಿಗೆ ಸ್ನಾನದ ಮೇಲೆ ಇಷ್ಟು ಆಸ್ಥೆ ಹುಟ್ಟುವುದಾದರೂ ಏತಕ್ಕೆ? ಅದು ಬರಿಯ ಶೋಕಿಯಲ್ಲ. ಹದಿಹರೆಯದಲ್ಲಿ ಶರೀರದೊಳಗಿನ ಹಾರ್ಮೋನುಗಳ ಪ್ರೇರಣೆಯಿಂದ ಚರ್ಮದ ಎಣ್ಣೆಯ ಗ್ರಂಥಿಗಳು ಚುರುಕಾಗುತ್ತವೆ. ಮುಖ ಜಿಡ್ಡಾಗುವುದು, ಮೊಡವೆ ಏಳುವುದು, ತಲೆಗೂದಲು ಬೇಗನೆ ಅಂಟಂಟಾಗುವುದು ಇದರಿಂದಲೇ. ಕಂಕುಳಲ್ಲಿರುವ ಒಂದು ಜಾತಿಯ ಬೆವರಿನ ಗ್ರಂಥಿಗಳಂತೂ ಬಾಲ್ಯದಲ್ಲಿ ನಿದ್ರಿಸುತ್ತಿದ್ದು ಈ ವಯಸ್ಸಿನಲ್ಲಿಯೇ ಕೆಲಸಕ್ಕೆ ತೊಡಗುತ್ತವೆ. ಆ ಬೆವರಿಗೆ ಸ್ವತಃ ವಾಸನೆಯಿಲ್ಲ. ಚರ್ಮದ ಮೇಲಿನ ಸೂಕ್ಷ್ಮಾಣುಗಳು ಅದನ್ನು ಒಡೆಯುವಾಗ ವಾಸನೆಯು ಹುಟ್ಟುತ್ತದೆ. ನಿನ್ನೆಯವರೆಗೆ ಇಲ್ಲದ ಒಂದು ವಾಸನೆ ಇಂದು ತನ್ನ ಮೈಯಿಂದ ಬರುತ್ತಿದೆಯೆಂದು ತಿಳಿದ ಹುಡುಗಿಯು, ಪಕ್ಕದಲ್ಲಿ ಕುಳಿತವಳು ಮೂಗು ಮುಚ್ಚಿಕೊಳ್ಳುವಳೋ ಎಂದು ಅಂಜಿದರೆ ಅದರಲ್ಲಿ ಆಶ್ಚರ್ಯವೇನು? ಮುಟ್ಟಿನ ದಿನಗಳಲ್ಲಿ ಶುಚಿಯ ಅವಶ್ಯಕತೆಯು ಇನ್ನೂ ಹೆಚ್ಚು. ಆದುದರಿಂದ ದಿನಕ್ಕೊಂದು ಸ್ನಾನವು ಅವಳ ಹಕ್ಕೆಂದೇ ಹೇಳಬೇಕು. ಆಟವಾಡಿ ಬೆವರಿ ಬಂದ ದಿನ ಎರಡನೆಯದೂ ಸಲ್ಲತಕ್ಕದ್ದೇ.

ಆದರೆ ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಉತ್ತರವು ಬೇರೆ. ಬಹಳ ಹೊತ್ತು ಬಿಸಿನೀರಿನ ಕೆಳಗೆ ನಿಂತರೆ ಚರ್ಮವು ಹೆಚ್ಚು ಶುಚಿಯಾಗುವುದೆಂಬುದು ತಪ್ಪು ತಿಳುವಳಿಕೆ. ಚರ್ಮದ ತೇವವನ್ನು ಕಾಪಾಡುವ ತೆಳುವಾದ ಎಣ್ಣೆಯ ಪದರವು ಕೊಚ್ಚಿಹೋಗಿ ಮೈ ಒಣಗಿ ತುರಿಸುವುದಕ್ಕೆ ಆರಂಭಿಸುತ್ತದೆ. ಉಗುರು ಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ, ಇಷ್ಟು ಸಾಕೆಂದು ಚರ್ಮವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಬೆಂಗಳೂರಿನ ಅನೇಕ ಬಡಾವಣೆಗಳ ಕೊಳವೆಬಾವಿಯ ನೀರು ಗಡಸು; ಅದರಲ್ಲಿ ಸಾಬೂನು ನೊರೆಯಾಗದೆ ಅಂಟುವ ಕಸರಾಗುವುದರಿಂದ, ಎಷ್ಟು ತೊಳೆದರೂ ತಲೆ ಜಿಡ್ಡೆಂದೇ ಹುಡುಗಿಯರಿಗೆ ಅನಿಸುತ್ತದೆ. ಅಂಥ ಮನೆಗಳಲ್ಲಿ ಕೊನೆಯ ಒಂದೆರಡು ಚೊಂಬು ಮೆದುನೀರನ್ನು, ಮಳೆಗಾಲವಾದರೆ ಹಿಡಿದಿಟ್ಟ ಮಳೆನೀರನ್ನು, ತಲೆಗೆ ಹಾಕಿಕೊಂಡರೆ ಹತ್ತು ನಿಮಿಷದ ಹೋರಾಟ ತಪ್ಪುವುದು.

ಇನ್ನು ವೆಚ್ಚದ ವಿಷಯ. ಕದ ಬಡಿಯುವ ತಂದೆಯರಲ್ಲಿ ಈ ಲೆಕ್ಕವನ್ನು ಮಾಡಿ ನೋಡಿದವರು ಬಹಳ ಕಡಿಮೆಯೆಂದು ನನ್ನ ಅನುಮಾನ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಕಾಯಿಸಲು ಒಂದು ಕಿಲೋಕ್ಯಾಲೊರಿ ಉಷ್ಣ ಬೇಕು; ಒಂದು ಯೂನಿಟ್ಟು ವಿದ್ಯುತ್ತಿನಲ್ಲಿ 860 ಕಿಲೋಕ್ಯಾಲೊರಿ ಇರುತ್ತದೆ. ತೊಟ್ಟಿಯ ನೀರು 24 ಡಿಗ್ರಿ, ಸ್ನಾನದ ನೀರು 40 ಡಿಗ್ರಿ ಎಂದು ಹಿಡಿದರೆ, 20 ಲೀಟರಿನ ಎರಡು ಬಕೆಟ್ಟುಗಳ ಸ್ನಾನಕ್ಕೆ ಸುಮಾರು ಮುಕ್ಕಾಲು ಯೂನಿಟ್ಟು ತಗಲುವುದು. 25 ಲೀಟರಿನ ಗೀಸರನ್ನು 60 ಡಿಗ್ರಿಗೆ ಕಾಯಿಸಿ ಪೂರ್ತಿ ಬರಿದುಮಾಡಿದರೆ ಒಂದು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ದಿನಕ್ಕೆ ಎರಡಾವೃತ್ತಿ ಹೀಗೆ ಬರಿದುಮಾಡಿದರೆ ತಿಂಗಳಿಗೆ 60 ಯೂನಿಟ್ಟನ್ನು ಮೀರುತ್ತದೆ. ಯೂನಿಟ್ಟಿಗೆ 6 ರೂಪಾಯಿಯೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ಇದು 360 ರೂಪಾಯಿ. ಎರಡು ಬಕೆಟ್ಟಿನ ಸ್ನಾನವು ದಿನಕ್ಕೊಮ್ಮೆಯಾದರೆ 135 ರೂಪಾಯಿಯ ಒಳಗೇ. ವ್ಯತ್ಯಾಸವು ಇನ್ನೂರಿಪ್ಪತ್ತೈದು ರೂಪಾಯಿಯ ಸುತ್ತುಮುತ್ತ. ಅಲ್ಪವಲ್ಲ, ಆದರೆ ಮನೆಯ ಶಾಂತಿಯನ್ನು ಕೆಡಿಸಿಕೊಳ್ಳುವಷ್ಟೂ ಅಲ್ಲ. ತಮ್ಮನ ದೂರಿಗೂ ಇಲ್ಲಿಯೇ ಸಮಾಧಾನವಿದೆ: 25 ಲೀಟರು ಕಾದ ನೀರಿಗೆ ತಣ್ಣೀರು ಬೆರೆಸಿದರೆ ಸಿಕ್ಕುವ ಸ್ನಾನದ ನೀರು 56 ಲೀಟರು. ನಿಮಿಷಕ್ಕೆ 10 ಲೀಟರು ಸುರಿಯುವ ಷವರಿನಲ್ಲಿ ಅದು ಐದಾರು ನಿಮಿಷದಲ್ಲಿ ತೀರಿಹೋಗುವುದು. ಅವನ ಅಕ್ಕನು ಅರ್ಧ ಗಂಟೆ ಒಳಗಿದ್ದರೂ ಇಲ್ಲದಿದ್ದರೂ ಅವನು ಸ್ವಲ್ಪ ಹೊತ್ತು ಕಾಯಲೇಬೇಕು.

ಆದಾಗ್ಯೂ ಒಂದು ಮಾತು. 2023ರಲ್ಲಿ ಕರ್ನಾಟಕ ಸರಕಾರವು ಆರಂಭಿಸಿದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟಿನ ಒಳಗೆ ಪ್ರತಿ ಮನೆಗೂ ಅದರ ಹಿಂದಿನ ಬಳಕೆಗೆ ತಕ್ಕಂತೆ ಉಚಿತದ ಮಿತಿಯನ್ನು ಗೊತ್ತುಮಾಡಿ, 200 ದಾಟಿದ ತಿಂಗಳಿನಲ್ಲಿ ಇಡೀ ಬಿಲ್ಲನ್ನು ತೆರಬೇಕೆಂದು ವಿಧಿಸಲಾಯಿತು. 180ರಲ್ಲಿದ್ದ ಮನೆಯು ಚಳಿಗಾಲದ ಗೀಸರಿನಿಂದ 205ಕ್ಕೆ ಏರಿದರೆ ಹೆಚ್ಚಿದ 25 ಯೂನಿಟ್ಟಿಗೆ ಮಾತ್ರವಲ್ಲ, ಎಲ್ಲಕ್ಕೂ ಹಣ ಬೀಳುತ್ತದೆ. ತಂದೆಯ ಸಿಟ್ಟು ಕೆಲವು ತಿಂಗಳುಗಳಲ್ಲಿ ಮಾತ್ರ ಸಿಡಿಲಿನಂತೆ ಬರುವುದಕ್ಕೆ ಇದೇ ಕಾರಣವಾಗಿರಬಹುದು.

ನಿಜವಾದ ವೆಚ್ಚವು ಬೆಂಕಿಯದ್ದಲ್ಲ, ನೀರಿನದು. ನಗರದ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರು ಎಂಬುದು ನಮ್ಮ ದೇಶದಲ್ಲಿ ಬಹುಕಾಲದಿಂದ ನಡೆದುಬಂದ ಅಂದಾಜು. ಅದರೊಳಗೆ ಸ್ನಾನದ ಪಾಲು 55 ಲೀಟರು. ನಿಮಿಷಕ್ಕೆ 10 ಲೀಟರಿನ ಷವರನ್ನು 20 ನಿಮಿಷ ಬಿಟ್ಟರೆ 200 ಲೀಟರು, ದಿನಕ್ಕೆ ಎರಡಾವೃತ್ತಿಯಾದರೆ 400. ಬೆಂಗಳೂರಿಗೆ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಹೆಚ್ಚುಕಡಿಮೆ 500 ಮೀಟರು ಎತ್ತರಕ್ಕೆ ಪಂಪಿನಿಂದ ಏರಿಬರಬೇಕು. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು, ಯಂತ್ರದ ನಷ್ಟವನ್ನು ಬಿಟ್ಟರೂ, 1.36 ಯೂನಿಟ್ಟು ವಿದ್ಯುತ್ತು ಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5000 ರೂಪಾಯಿ ದಂಡವೆಂದು ಜಲಮಂಡಲಿಯು ಸಾರಿದ್ದನ್ನು ವಾಚಕರು ಮರೆತಿರಲಾರರು. ಆ ಮಾರ್ಚಿಯಲ್ಲಿ ಜಿಲ್ಲಾಡಳಿತವು ಐದು ಕಿಲೋಮೀಟರಿನೊಳಗೆ 6000 ಲೀಟರಿನ ಟ್ಯಾಂಕರಿಗೆ 600 ರೂಪಾಯಿಯೆಂದು ದರವನ್ನು ನಿಗದಿಮಾಡಿತ್ತು. ದಿನಕ್ಕೆ 400 ಲೀಟರು ಬಳಸುವ ಒಬ್ಬ ಹುಡುಗಿಗೆ ಅಂಥ ಟ್ಯಾಂಕರೊಂದು ಹದಿನೈದು ದಿನಕ್ಕೆ ಸಾಕಾಗುವುದು. ಆ ದರದಲ್ಲಿ ತಿಂಗಳಿಗೆ 1200 ರೂಪಾಯಿ! ಟ್ಯಾಂಕರನ್ನು ನಂಬಿರುವ ಮನೆಗಳಲ್ಲಿ ತಾಯಿಯ ಚಿಂತೆಯೇ ತಂದೆಯ ಚಿಂತೆಗಿಂತ ತೂಕದ್ದೆಂದು ಇದರಿಂದ ಕಾಣುತ್ತದೆ.

ಹಾಗಾದರೆ ಗಡಿಯಾರ ಹಿಡಿದು ಕದದ ಹೊರಗೆ ನಿಲ್ಲಬೇಕೋ? ಬೇಡ. ಎಣಿಸಬೇಕಾದುದು ನಿಮಿಷಗಳನ್ನಲ್ಲ, ಲೀಟರುಗಳನ್ನು. ಒಬ್ಬಳು ಎರಡು ಬಕೆಟ್ಟು ನೀರು ಹಿಡಿದುಕೊಂಡು, ತಲೆಗೆ ಸೀಗೇಪುಡಿ ಹಚ್ಚಿ, ಹಾಡಿಕೊಳ್ಳುತ್ತಾ ಮುಕ್ಕಾಲು ಗಂಟೆ ಕುಳಿತರೂ ಮನೆಗೆ ನಷ್ಟವಿಲ್ಲ. ಇನ್ನೊಬ್ಬರು ಹತ್ತೇ ನಿಮಿಷದಲ್ಲಿ ಷವರಿನಿಂದ 100 ಲೀಟರು ಕಳೆದು, ತಾವು ಬಹಳ ಚುರುಕೆಂದು ಹೊರಗೆ ಬರುವರು. (ಈ ಇನ್ನೊಬ್ಬರು ಹಲವು ವೇಳೆ ತಂದೆಯೇ ಆಗಿರುವುದುಂಟು.) ಷವರಿನ ಕೆಳಗೆ ಬಕೆಟ್ಟನ್ನಿಟ್ಟು ಅದು ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ಮಗಳ ಕೈಯಿಂದಲೇ ನೋಡಿಸಿರಿ. 20 ಲೀಟರು ಎರಡು ನಿಮಿಷದಲ್ಲಿ ತುಂಬಿದರೆ ಮುಂದಿನ ಗುಣಾಕಾರವನ್ನು ಅವಳೇ ಮಾಡುವಳು. ಸೋಲಾರು ಮನೆಗಳಲ್ಲಿ ಮತ್ತೊಂದು ಸೋರಿಕೆಯುಂಟು: ಮಾಳಿಗೆಯಿಂದ ಬಿಸಿನೀರು ಇಳಿದು ಬರುವ ತನಕ ಕೊಳವೆಯಲ್ಲಿ ನಿಂತಿದ್ದ ತಣ್ಣೀರು ಹರಿದುಹೋಗುತ್ತದೆ. ಎರಡು ಸೆಂಟಿಮೀಟರು ಒಳಗಲದ ಕೊಳವೆಯು 20 ಮೀಟರು ಉದ್ದವಿದ್ದರೆ ಪ್ರತಿಸಲ ಆರು ಲೀಟರಿಗೂ ಮೇಲೆ. ಅದನ್ನು ಬಕೆಟ್ಟಿನಲ್ಲಿ ಹಿಡಿದರೆ ನೆಲ ಒರಸಲು ಆದೀತು.

ಇಷ್ಟರವರೆಗೆ ಹೇಳಿದ್ದು ಹಣದ ಮಾತು. ಇನ್ನು ಹೇಳುವುದು ಪ್ರಾಣದ ಮಾತು. ಮಾತಾಪಿತೃಗಳು ದಯವಿಟ್ಟು ಗಮನಿಸಬೇಕು. ಸ್ನಾನದ ಕೋಣೆಯೊಳಗೇ ಅನಿಲದ ಗೀಸರು ಇರುವ ಮನೆಗಳಲ್ಲಿ ದೀರ್ಘಸ್ನಾನವು ಅಪಾಯಕರವಾದುದು. ಮುಚ್ಚಿದ ಸಣ್ಣ ಕೋಣೆಯಲ್ಲಿ ಅನಿಲವು ಉರಿಯುತ್ತಾ ಹೋದಂತೆ ಗಾಳಿಯ ಆಮ್ಲಜನಕವು ಕಡಿಮೆಯಾಗಿ, ಉರಿಯು ಅರೆಬರೆಯಾಗಿ, ಕಾರ್ಬನ್ ಮಾನಾಕ್ಸೈಡು ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ ಉಸಿರಾಡುತ್ತಿದ್ದರೂ ಮೈಗೆ ಪ್ರಾಣವಾಯು ಸಲ್ಲುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ. ಅದು ಬಿಸಿನೀರಿನ ಹಬೆಯಿಂದಾದ ಆಯಾಸವೆಂದು ಹುಡುಗಿ ಅಂದುಕೊಳ್ಳುವಳು. ಆಮೇಲೆ ಕಾಲು ಕುಸಿದು ಪ್ರಜ್ಞೆ ತಪ್ಪುವುದು. ಅಗಳಿ ಹಾಕಿದ ಕದದ ಹೊರಗಿರುವವರಿಗೆ ನೀರಿನ ಸದ್ದು ಮಾತ್ರ ಕೇಳುತ್ತಿರುತ್ತದೆ. ಬೆಂಗಳೂರಿನಲ್ಲಿಯೂ ಇಂಥ ಮರಣಗಳು ಸಂಭವಿಸಿವೆ. ಅನಿಲದ ಗೀಸರನ್ನೂ ಸಿಲಿಂಡರನ್ನೂ ಕೋಣೆಯ ಹೊರಗೆ, ಗಾಳಿಯಾಡುವ ಕಡೆ, ಇಡಿಸಿ ಕೊಳವೆಯಿಂದ ಮಾತ್ರ ನೀರನ್ನು ಒಳಗೆ ತರಿಸತಕ್ಕದ್ದು. ಇದು ಆಗುವವರೆಗೆ ಕಿಟಕಿಯನ್ನು ಮುಚ್ಚಕೂಡದು. ನೀರನ್ನು ಮೊದಲೇ ಬಕೆಟ್ಟುಗಳಲ್ಲಿ ತುಂಬಿಸಿಕೊಂಡು, ಗೀಸರನ್ನು ಆರಿಸಿ, ಕೋಣೆಗೆ ಗಾಳಿಯಾಡಿಸಿದ ಮೇಲೆಯೇ ಸ್ನಾನಕ್ಕೆ ಹೋಗತಕ್ಕದ್ದು. ಈ ಒಂದು ವಿಷಯದಲ್ಲಿ ಮಗಳ ಇಷ್ಟಾನಿಷ್ಟವನ್ನು ಕೇಳಬೇಕಾದುದಿಲ್ಲ.

ಅಜ್ಜಿಯ ಸಂಶಯವೊಂದು ಉಳಿಯಿತು. ಎರಡು ಕೋಣೆಗಳ ಮನೆಯಲ್ಲಿ ಐದಾರು ಮಂದಿ ವಾಸಿಸುವಾಗ ಅಗಳಿಯಿರುವ ಕದವು ಸ್ನಾನದ ಕೋಣೆಯದೊಂದೇ. ಬೆಳೆಯುವ ಹುಡುಗಿಗೆ ಅಳುವುದಕ್ಕೂ, ಕನ್ನಡಿ ನೋಡಿಕೊಳ್ಳುವುದಕ್ಕೂ, ಯಾರ ಕೈಗೂ ಸಿಕ್ಕದೆ ಸುಮ್ಮನೆ ಇರುವುದಕ್ಕೂ ಬೇರೆ ಸ್ಥಳವಿಲ್ಲ. ಮನೆಯಲ್ಲಿ ಇನ್ನೆಲ್ಲಿಯಾದರೂ ದಿನಕ್ಕೆ ಅರ್ಧ ಗಂಟೆ ಅವಳನ್ನು ಯಾರೂ ಕರೆಯದೆ ಬಿಟ್ಟರೆ ಸ್ನಾನವು ತಾನೇ ಮೊಟಕಾಗುವುದನ್ನು ಅನೇಕ ತಾಯಂದಿರು ಕಂಡಿರಬಹುದು. ಆದರೆ ಶುಚಿಯಾಗಿದ್ದರೂ ಶುಚಿಯಾಗಲಿಲ್ಲವೆಂದು ಮತ್ತೆ ಮತ್ತೆ ತೊಳೆದುಕೊಳ್ಳುವುದು, ತಡೆದರೆ ತಳಮಳಿಸುವುದು, ಕೈಯ ಚರ್ಮ ಸುಲಿದರೂ ನಿಲ್ಲಿಸಲಾರದಿರುವುದು, ಇವು ಕಂಡರೆ ಅದು ಹಟವೂ ಅಲ್ಲ, ಶೋಕಿಯೂ ಅಲ್ಲ. ಗೀಳು ರೋಗವೆಂಬುದು ಹಲವರಲ್ಲಿ ಈ ಪ್ರಾಯದಲ್ಲಿಯೇ ತಲೆದೋರುವುದು, ಅದಕ್ಕೆ ಚಿಕಿತ್ಸೆಯಿದೆ. ಗದರಿಕೆಯಿಂದ ಅದು ಹೆಚ್ಚುವುದೇ ಹೊರತು ಕಡಿಮೆಯಾಗದು. 2022ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸಹಾಯಕ್ಕೆ 14416ನ್ನು ಕರೆದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಸಾಮಾನ್ಯ ಮನೆಗಳಲ್ಲಿಯಾದರೋ ಒಪ್ಪಂದವು ಕಷ್ಟವಲ್ಲ. ಅದನ್ನು ಕದದ ಎರಡು ಪಕ್ಕಗಳಲ್ಲಿ ನಿಂತು ಮಾಡದೆ ಊಟದ ಹೊತ್ತಿನಲ್ಲಿ ಬಿಲ್ಲನ್ನು ಎದುರಿಗಿಟ್ಟುಕೊಂಡು ಮಾಡಬೇಕು, ಅಣ್ಣತಮ್ಮಂದಿರಿಗೂ ಅದೇ ಅಳತೆಯಿರಬೇಕು. ಬೆಳಗಿನ ನೂಕುನುಗ್ಗಲಿನಲ್ಲಿ ಒಂದು ಬಕೆಟ್ಟು, ಬಿಡುವಿನ ಸ್ನಾನವು ಸಂಜೆಗೆ ಎಂದು ಗೊತ್ತುಮಾಡಿಕೊಂಡರೆ ಇಬ್ಬರಿಗೂ ಅನುಕೂಲ. ಮಲಗುವುದಕ್ಕೆ ಒಂದೆರಡು ಗಂಟೆ ಮುಂಚಿತವಾಗಿ ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಮಿಂದರೆ ನಿದ್ರೆಯು ಬೇಗನೆ ಹತ್ತುವುದೆಂದು ಹಲವು ಪರೀಕ್ಷೆಗಳನ್ನು ಒಟ್ಟಾಗಿ ನೋಡಿದ 2019ರ ಒಂದು ವಿಮರ್ಶೆಯಲ್ಲಿ ಕಂಡುಬಂದಿತು. ರಾತ್ರಿ ಹನ್ನೊಂದರವರೆಗೆ ಹೊರಳಾಡುವ ಮಕ್ಕಳಿಗೆ ಇದು ತಕ್ಕುದು. ಸೋಲಾರಿನ ನೀರು ಹಗಲೆಲ್ಲಾ ಕಾದು ಸಂಜೆಗೇ ಅತಿ ಬಿಸಿಯಾಗಿರುವುದರಿಂದ, ಆ ಸ್ನಾನಕ್ಕೆ ವಿದ್ಯುತ್ತಿನ ಬಿಲ್ಲಿನಲ್ಲಿ ಒಂದು ಕಾಸೂ ಬೀಳುವುದಿಲ್ಲ.