ಸದನದಲ್ಲಿ ಸಾಬೀತಾಗಬೇಕಾದ ಅಧಿಕಾರ: ಅಮೆರಿಕದ ಸಂವಿಧಾನ, ಬೊಮ್ಮಾಯಿ ತೀರ್ಪು ಮತ್ತು ಸಭೆಯ ಹೊಣೆ

ಆಳುವ ಅಧಿಕಾರವು ದೇವರ ನೇಮಕದಿಂದ ಬಂದುದೆಂಬ ಪೌಲನ ಬೋಧನೆ (ರೋಮಾ. 13:1-7) ನಮ್ಮ ಸಭೆಗಳಿಗೆ ಸುಪರಿಚಿತವಾದುದು. ಆದರೆ ಅಧಿಕಾರವು ನ್ಯಾಯವಾಗಿ ಯಾರಿಗೆ ಸೇರಿದ್ದೆಂಬ ವಿಷಯದಲ್ಲಿಯೇ ವಿವಾದ ಹುಟ್ಟಿದಾಗ ಅದನ್ನು ಯಾರು, ಎಲ್ಲಿ, ಯಾವ ಸಾಕ್ಷ್ಯದ ಮೇಲೆ ತೀರ್ಮಾನಿಸಬೇಕು? ಈ ಪ್ರಶ್ನೆಯನ್ನು ಬಿಟ್ಟು ಆ ವಾಕ್ಯಭಾಗವನ್ನು ಬೋಧಿಸಿದರೆ, ಗೆದ್ದವನಿಗೆಲ್ಲ ತಲೆಬಾಗಬೇಕೆಂಬ ಅರ್ಥ ಬಂದೀತು. ಸಂವಿಧಾನಶಾಸ್ತ್ರವು ಉತ್ತರಿಸಲು ಯತ್ನಿಸುವುದು ಈ ಪ್ರಶ್ನೆಗೇ. ಅದರ ತಳಹದಿಯನ್ನು ನಾವು ಇಲ್ಲಿ ಎರಡು ನಿದರ್ಶನಗಳ ಮೂಲಕ ವಿವರಿಸುತ್ತೇವೆ: ಒಂದು, 1787ರ ಅಮೆರಿಕದ ಸಂವಿಧಾನ, ಇನ್ನೊಂದು, ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ-ಸವಣೂರು ಸೀಮೆಯ ಕಾರಡಗಿಯಲ್ಲಿ ಹುಟ್ಟಿದ ಎಸ್. ಆರ್. ಬೊಮ್ಮಾಯಿಯವರ ಹೆಸರಿನಲ್ಲಿ ಪ್ರಸಿದ್ಧವಾದ ಮೊಕದ್ದಮೆ.

ಪಾಪಸ್ವಭಾವ ಮತ್ತು ಅಧಿಕಾರದ ಹಂಚಿಕೆ

ಫಿಲಡೆಲ್ಫಿಯಾದಲ್ಲಿ ರಚಿತವಾದ ಸಂವಿಧಾನದ ಮುಖ್ಯ ಶಿಲ್ಪಿಗಳಲ್ಲೊಬ್ಬನಾದ ಜೇಮ್ಸ್ ಮ್ಯಾಡಿಸನ್, ಪ್ರಿನ್ಸ್‌ಟನ್ನಿನಲ್ಲಿ ಪ್ರೆಸ್ಬಿಟೇರಿಯನ್ ಬೋಧಕ ಜಾನ್ ವಿದರ್‌ಸ್ಪೂನನ ಶಿಷ್ಯನಾಗಿದ್ದನು. ಪದವಿ ಪಡೆದ ಮೇಲೂ ಕೆಲಕಾಲ ಅಲ್ಲಿಯೇ ಉಳಿದು ಇಬ್ರಿಯ ಭಾಷೆಯನ್ನು ಅಭ್ಯಾಸ ಮಾಡಿದನು. ಸಂವಿಧಾನದ ಸಮರ್ಥನೆಗಾಗಿ ಪ್ರಕಟವಾದ ಫೆಡರಲಿಸ್ಟ್ ಲೇಖನಮಾಲೆಯಲ್ಲಿ ಅವನು ಮಂಡಿಸಿದ ವಾದದ ಸಾರ ಹೀಗಿದೆ: ಮನುಷ್ಯರು ದೇವದೂತರಲ್ಲವಾದುದರಿಂದ ಸರ್ಕಾರ ಬೇಕು, ಆಳುವವರೂ ದೇವದೂತರಲ್ಲವಾದುದರಿಂದ ಸರ್ಕಾರಕ್ಕೂ ಕಡಿವಾಣ ಬೇಕು. ಮನುಷ್ಯನ ಪತನವನ್ನು ಬೋಧಿಸುವ ನಮಗೆ ಈ ತರ್ಕ ಹೊಸದಲ್ಲ.

ಹಾಗೆಂದು ಅದನ್ನು ಕ್ರೈಸ್ತ ಸಂವಿಧಾನವೆಂದು ಕರೆಯುವುದು ಸಲ್ಲದು. ಸಾರ್ವಜನಿಕ ಹುದ್ದೆಗೆ ಯಾವ ಧಾರ್ಮಿಕ ಪರೀಕ್ಷೆಯೂ ಇರಕೂಡದೆಂದು ಅದರ ಆರನೆಯ ವಿಧಿಯೇ ಸಾರುತ್ತದೆ. ಅದು ಮಾಡಿದ್ದು ಇಷ್ಟು: ಅಧಿಕಾರವನ್ನು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳಲ್ಲಿ ಹಂಚಿತು, ಒಕ್ಕೂಟಕ್ಕೂ ರಾಜ್ಯಗಳಿಗೂ ನಡುವೆ ಮತ್ತೆ ಹಂಚಿತು. 1791ರಲ್ಲಿ ಜಾರಿಗೆ ಬಂದ ಮೊದಲ ಹತ್ತು ತಿದ್ದುಪಡಿಗಳು ಸರ್ಕಾರ ದಾಟಬಾರದ ಗಡಿಗಳನ್ನು ಗುರುತಿಸಿದವು. ಸಂವಿಧಾನಕ್ಕೆ ವಿರುದ್ಧವಾದ ಕಾನೂನು ಕಾನೂನೇ ಅಲ್ಲವೆಂದು ಸಾರುವ ಹೊಣೆ ನ್ಯಾಯಾಲಯದ್ದೆಂದು 1803ರ ಮಾರ್ಬರಿ ಮೊಕದ್ದಮೆಯಲ್ಲಿ ಸ್ಥಿರಪಟ್ಟಿತು.

ನಮ್ಮ ವಿಷಯಕ್ಕೆ ಇನ್ನೊಂದು ಅಂಶ ಮುಖ್ಯ. ಪ್ರತಿ ರಾಜ್ಯಕ್ಕೂ ಗಣತಂತ್ರಾತ್ಮಕ ಸರ್ಕಾರವನ್ನು ಒಕ್ಕೂಟವು ಖಾತರಿಪಡಿಸಬೇಕೆಂದು ಆ ಸಂವಿಧಾನದ ನಾಲ್ಕನೆಯ ವಿಧಿ ಹೇಳುತ್ತದೆ. ಆದರೆ ರಾಜ್ಯದ ಸರ್ಕಾರವನ್ನು ವಜಾ ಮಾಡುವ ಅಧಿಕಾರವನ್ನು ಅಧ್ಯಕ್ಷನಿಗೆ ಅದು ಕೊಟ್ಟಿಲ್ಲ. ಅಲ್ಲಿನ ಗವರ್ನರನು ಆಯಾ ರಾಜ್ಯದ ಜನರಿಂದಲೇ ಚುನಾಯಿತನಾಗುತ್ತಾನೆ. ರೋಡ್ ಐಲೆಂಡ್ ರಾಜ್ಯದಲ್ಲಿ ಎರಡು ಸರ್ಕಾರಗಳು ತಾವೇ ನ್ಯಾಯಬದ್ಧವೆಂದು ಸಾಧಿಸಿದಾಗ, ಅದು ರಾಜಕೀಯ ಪ್ರಶ್ನೆಯೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1849ರಲ್ಲಿ ತೀರ್ಪು ನೀಡದೆ ಹಿಂದೆ ಸರಿಯಿತು.

ಹತ್ತೊಂಬತ್ತು ಪತ್ರಗಳ ಪ್ರಕರಣ

ಭಾರತದ ವ್ಯವಸ್ಥೆ ಇದಕ್ಕಿಂತ ಭಿನ್ನ. ಇಲ್ಲಿ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ರಾಜ್ಯದ ಆಡಳಿತವು ಸಂವಿಧಾನಕ್ಕೆ ಅನುಸಾರವಾಗಿ ನಡೆಯಲಾರದೆಂದು ಮನವರಿಕೆಯಾದರೆ ರಾಷ್ಟ್ರಪತಿಗಳು ಅದನ್ನು ವಹಿಸಿಕೊಳ್ಳಬಹುದೆಂದು 356ನೆಯ ವಿಧಿ ಹೇಳುತ್ತದೆ. ಬ್ರಿಟಿಷರ 1935ರ ಕಾಯಿದೆಯ 93ನೆಯ ಕಲಮಿನ ನೆರಳು ಇದರ ಮೇಲಿದೆ. ಈ ವಿಧಿಯನ್ನು ಬಳಸುವ ಪ್ರಸಂಗವೇ ಬಾರದಿರಲೆಂದು ಡಾ. ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಆಶಿಸಿದ್ದರು. ಆ ಆಶಯ ಕೈಗೂಡಲಿಲ್ಲ.

1988ರ ಆಗಸ್ಟಿನಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾದ ಬೊಮ್ಮಾಯಿಯವರಿಗೆ ಬೆಂಬಲವಿಲ್ಲವೆಂದು ಹೇಳುವ ಹತ್ತೊಂಬತ್ತು ಶಾಸಕರ ಪತ್ರಗಳು 1989ರ ಏಪ್ರಿಲಿನಲ್ಲಿ ರಾಜ್ಯಪಾಲರ ಕೈಸೇರಿದವು. ಏಪ್ರಿಲ್ 19ರಂದು ಅವರು ರಾಷ್ಟ್ರಪತಿಗಳಿಗೆ ವರದಿ ಕಳಿಸಿದರು. ಮರುದಿನ, ಆ ಹತ್ತೊಂಬತ್ತು ಮಂದಿಯಲ್ಲಿ ಏಳು ಮಂದಿ ತಮ್ಮ ಸಹಿಗಳನ್ನು ತಪ್ಪು ತಿಳಿವಳಿಕೆ ನೀಡಿ ಪಡೆಯಲಾಗಿತ್ತೆಂದು ಬರೆದು ಬೆಂಬಲವನ್ನು ಪುನಃ ಘೋಷಿಸಿದರು. ಅಧಿವೇಶನವನ್ನು ಮುಂಚಿತವಾಗಿ ಕರೆದರೆ ಸದನದಲ್ಲಿಯೇ ಬಹುಮತ ತೋರಿಸುವುದಾಗಿ ಮುಖ್ಯಮಂತ್ರಿಗಳು ತಿಳಿಸಿದರು. ಆ ಅವಕಾಶ ದೊರೆಯಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆಯ ಉದ್ಘೋಷಣೆ ಹೊರಟಿತು. ಕರ್ನಾಟಕ ಉಚ್ಚ ನ್ಯಾಯಾಲಯವು ಅರ್ಜಿಯನ್ನು ತಳ್ಳಿಹಾಕಿತು.

ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 1994ರ ಮಾರ್ಚ್ 11ರಂದು ತೀರ್ಪಿತ್ತಿತು. ನ್ಯಾಯಾಧೀಶರು ಹಲವು ಪ್ರತ್ಯೇಕ ಅಭಿಪ್ರಾಯಗಳನ್ನು ಬರೆದರೂ ಬಹುಮತದಿಂದ ಸ್ಥಿರಪಟ್ಟ ತತ್ತ್ವಗಳು ಸ್ಪಷ್ಟವಾಗಿವೆ. ಸರ್ಕಾರಕ್ಕೆ ಬಹುಮತವಿದೆಯೇ ಎಂಬುದು ಸದನದಲ್ಲಿ ಪರೀಕ್ಷೆಯಾಗಬೇಕು; ಅದನ್ನು ರಾಜ್ಯಪಾಲರ ಸ್ವಂತ ಅಭಿಪ್ರಾಯಕ್ಕೆ ಬಿಡಲಾಗದು. ಮಂತ್ರಿಮಂಡಲವು ರಾಷ್ಟ್ರಪತಿಗಳಿಗಿತ್ತ ಸಲಹೆಯನ್ನು ನ್ಯಾಯಾಲಯ ಕೆದಕಲಾರದು. ಆದರೆ ಆ ಸಲಹೆಗೆ ಆಧಾರವಾದ ಸಾಮಗ್ರಿಯನ್ನು ಪರಿಶೀಲಿಸಬಲ್ಲದು. ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸಲಾಗದು. ಉದ್ಘೋಷಣೆ ಅಸಿಂಧುವಾದರೆ ವಜಾಗೊಂಡ ಸರ್ಕಾರವನ್ನು ಮರಳಿ ಸ್ಥಾಪಿಸಲೂಬಹುದು. ಹೀಗೆ ಅಮೆರಿಕದ ನ್ಯಾಯಾಲಯವು 1849ರಲ್ಲಿ ಹಿಂದೆ ಸರಿದ ಜಾಗದಲ್ಲಿ ನಮ್ಮ ನ್ಯಾಯಾಲಯವು, ಮಿತಿಯೊಳಗೇ ಆದರೂ, ಹೆಜ್ಜೆಯಿಟ್ಟಿತು.

ಕರ್ನಾಟಕದ ಉದ್ಘೋಷಣೆಯು ಸಂವಿಧಾನಬಾಹಿರವೆನಿಸಿತು. ಆದರೆ ಆ ವೇಳೆಗೆ ಹೊಸ ಚುನಾವಣೆ ನಡೆದುಹೋಗಿತ್ತು. ಬೊಮ್ಮಾಯಿಯವರಿಗೆ ಕಳೆದುಕೊಂಡದ್ದು ಮರಳಿ ಬರಲಿಲ್ಲ. ತೀರ್ಪಿನ ಫಲವನ್ನು ಉಂಡವರು ನಂತರದವರು. 2018ರ ಮೇ ತಿಂಗಳಲ್ಲಿ ಇದೇ ಕರ್ನಾಟಕದಲ್ಲಿ ಬಹುಮತ ತೋರಲು ಹದಿನೈದು ದಿನಗಳ ಅವಕಾಶ ಸಿಕ್ಕಿದ್ದಾಗ, ಸರ್ವೋಚ್ಚ ನ್ಯಾಯಾಲಯವು ಮೇ 19ರಂದೇ ಸದನದಲ್ಲಿ ಪರೀಕ್ಷೆ ನಡೆಯಬೇಕೆಂದು ಆದೇಶಿಸಿತು.

ಕೃಪೆಯೋ, ಹಕ್ಕೋ?

ಅದೇ ತೀರ್ಪು ಇನ್ನೊಂದು ಮಾತನ್ನೂ ದೃಢಪಡಿಸಿತು: ಧರ್ಮನಿರಪೇಕ್ಷತೆಯು ಸಂವಿಧಾನದ ಮೂಲ ರಚನೆಗೆ ಸೇರಿದ್ದು. ಮೂಲ ರಚನೆಯನ್ನು ಸಂಸತ್ತೂ ಅಳಿಸಲಾರದೆಂಬ ಸಿದ್ಧಾಂತವು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಹೂಡಿದ ಮೊಕದ್ದಮೆಯಲ್ಲಿ, 1973ರಲ್ಲಿ, ರೂಪುಗೊಂಡಿತ್ತು. ಧರ್ಮನಿರಪೇಕ್ಷತೆಯನ್ನು ಬದಿಗೊತ್ತುವ ರಾಜ್ಯ ಸರ್ಕಾರದ ಮೇಲೆ 356ನೆಯ ವಿಧಿಯನ್ನು ಪ್ರಯೋಗಿಸಬಹುದೆಂದೂ ಬೊಮ್ಮಾಯಿ ಪೀಠ ಹೇಳಿತು. 1992ರ ಡಿಸೆಂಬರಿನಲ್ಲಿ ಮೂರು ರಾಜ್ಯಗಳ ಸರ್ಕಾರಗಳನ್ನು ವಜಾ ಮಾಡಿದ್ದನ್ನು ಎತ್ತಿಹಿಡಿಯಿತು.

ಇದರ ಮಹತ್ವ ತಿಳಿಯಲು ಈ ಸೀಮೆಯ ಇತಿಹಾಸವನ್ನೇ ನೋಡಬಹುದು. ಹಿರೇಕೆರೂರು ತಾಲೂಕಿನ ಅಬಲೂರಿನ ಶಾಸನವು, ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ವಿವಾದ ಬಿಜ್ಜಳನ ಮುಂದೆ ಬಂದು, ಅರಸನು ರಾಮಯ್ಯನಿಗೆ ಜಯಪತ್ರವಿತ್ತನೆಂದು ಹೇಳುತ್ತದೆ. ಹಾನಗಲ್ಲು ಕದಂಬರ ರಾಜಧಾನಿಯಾಗಿತ್ತು. ಅಲ್ಲಿನ ಅರಸರೂ ದೇಗುಲಗಳಿಗೆ ದತ್ತಿಯಿತ್ತರು. ಸವಣೂರು ನವಾಬರ ಸಂಸ್ಥಾನವಾಗಿದ್ದು, ಅದೇ ಊರಿನಲ್ಲಿ ಉತ್ತರಾದಿಮಠದ ಸತ್ಯಬೋಧ ತೀರ್ಥರ ವೃಂದಾವನವಿದೆ. ಅರಸರ ಔದಾರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ವ್ಯವಸ್ಥೆಯಲ್ಲಿ ಒಂದು ಮತದ ನೆಮ್ಮದಿ ಅರಸನ ಮನಸ್ಸಿನ ಮೇಲೆ ನಿಂತಿತ್ತು. 1790ರಲ್ಲಿ ನ್ಯೂಪೋರ್ಟಿನ ಯೆಹೂದ್ಯ ಸಭೆಗೆ ಬರೆದ ಪತ್ರದಲ್ಲಿ ಜಾರ್ಜ್ ವಾಷಿಂಗ್ಟನ್ ಈ ವ್ಯತ್ಯಾಸವನ್ನು ಗುರುತಿಸಿದನು: ಮನಸ್ಸಾಕ್ಷಿಯ ಸ್ವಾತಂತ್ರ್ಯವು ಬಹುಜನರು ಸಹಿಸಿಕೊಂಡು ಕೊಡುವ ಅನುಗ್ರಹವಲ್ಲ, ಸಹಜ ಹಕ್ಕು. ನಮ್ಮ ಸಂವಿಧಾನದ 25ರಿಂದ 28ರವರೆಗಿನ ವಿಧಿಗಳ ಹಿಂದೆಯೂ ಇದೇ ತಿಳಿವಳಿಕೆಯಿದೆ. ಹಳ್ಳಿಯ ಚಿಕ್ಕ ಸಭೆಯೊಂದು ಭಾನುವಾರ ಆರಾಧನೆಗೆ ಕೂಡುವುದು ಯಾರ ಕೃಪೆಯಿಂದಲೂ ಅಲ್ಲ. ಜಯಪತ್ರ ಕೊಡುವ ಅಧಿಕಾರವೇ ಇಲ್ಲದ ಒಂದು ರಾಜ್ಯದಲ್ಲಿ ಅದು ಹಕ್ಕಿನಿಂದ ಕೂಡುತ್ತದೆ. ಕ್ರೈಸ್ತರಾದ ನಾವೂ ನಮಗೊಂದು ಜಯಪತ್ರ ಬೇಕೆಂದು ಬಯಸಬಾರದು.

ವಾಕ್ಯದ ಬೆಳಕಿನಲ್ಲಿ

ಇಸ್ರಾಯೇಲಿನ ಅರಸನು ಸಿಂಹಾಸನವೇರಿದಾಗ ಧರ್ಮಶಾಸ್ತ್ರದ ಪ್ರತಿಯೊಂದನ್ನು ಬರೆಸಿಕೊಂಡು ದಿನವೂ ಓದಬೇಕಾಗಿತ್ತು, ಸಹೋದರರಿಗಿಂತ ತಾನು ಮೇಲೆಂದು ಅವನು ಭಾವಿಸಕೂಡದಾಗಿತ್ತು (ಧರ್ಮೋ. 17:18-20). ಅರಸನೂ ಲಿಖಿತ ನಿಯಮದ ಅಧೀನ. ಮೊದಲು ವಾದಿಸಿದವನು ನ್ಯಾಯವಂತನಂತೆ ತೋರುವುದು ಎದುರುವಾದಿ ಬಂದು ಪರೀಕ್ಷಿಸುವವರೆಗೆ ಮಾತ್ರ ಎಂಬ ಎಚ್ಚರಿಕೆಯನ್ನು ಜ್ಞಾನಿ ಕೊಟ್ಟಿದ್ದಾನೆ (ಜ್ಞಾನೋ. 18:17). ಯೇಸುವನ್ನು ಹಿಡಿಸಬೇಕೆಂದಿದ್ದ ಹಿರಿಯರ ನಡುವೆ ನಿಕೊದೇಮನು ಕೇಳಿದ್ದು ಒಂದೇ ಪ್ರಶ್ನೆ: ಮನುಷ್ಯನ ಮಾತನ್ನು ಕೇಳದೆ ತೀರ್ಪು ಮಾಡಲು ನಮ್ಮ ಶಾಸ್ತ್ರ ಒಪ್ಪುತ್ತದೆಯೇ? (ಯೋಹಾ. 7:51). ಆ ಪ್ರಶ್ನೆಗೆ ಅವನಿಗೆ ಸಿಕ್ಕಿದ್ದು ಹಂಗಿಸುವ ಉತ್ತರ.

ಈ ಪ್ರಶ್ನೆಯನ್ನು ನಾವು ಸರ್ಕಾರಕ್ಕೆ ಮಾತ್ರ ಕೇಳಿ ಸುಮ್ಮನಾಗುವಂತಿಲ್ಲ. ಸಭಾಪಾಲಕರ ವಿರುದ್ಧವೋ ಸಮಿತಿಯ ವಿರುದ್ಧವೋ ಸಹಿ ಸಂಗ್ರಹಿಸಿದ ಕಾಗದಗಳು ಮೇಲಿನವರ ಕೈಸೇರಿ, ಸಭೆ ಕೂಡುವ ಮೊದಲೇ ತೀರ್ಮಾನ ಹೊರಡುವ ಸಂದರ್ಭಗಳು ನಮ್ಮಲ್ಲಿಯೂ ಒದಗಬಹುದು. ಸಹಿ ಹಾಕಿದವರನ್ನು ಎದುರಿಗೆ ಕೂರಿಸಿ ಕೇಳಲಾಯಿತೇ? ಆಪಾದಿತನಿಗೆ ಮಾತಾಡಲು ಅವಕಾಶವಿತ್ತೇ? ತಪ್ಪು ಮಾಡಿದ ಸಹೋದರನ ವಿಷಯದಲ್ಲಿ ಮೊದಲು ಒಬ್ಬನೇ, ಬಳಿಕ ಒಬ್ಬಿಬ್ಬರು ಸಾಕ್ಷಿಗಳೊಡನೆ, ಕಡೆಗೆ ಸಭೆಯ ಮುಂದೆ ಎಂಬ ಕ್ರಮವನ್ನು ಕರ್ತನೇ ಕಲಿಸಿದ್ದಾನೆ (ಮತ್ತಾ. 18:15-17). ಸಂವಿಧಾನಶಾಸ್ತ್ರವು ಶತಮಾನಗಳ ಕಾಲ ಎಡವಿ ಕಲಿತ ಪಾಠ ನಮಗೆ ಸುವಾರ್ತೆಯಲ್ಲಿಯೇ ಲಿಖಿತವಾಗಿದೆ. ದೇಶದ ಸದನದಿಂದ ನಾವು ನಿರೀಕ್ಷಿಸುವ ನ್ಯಾಯವನ್ನು ಮೊದಲು ನಮ್ಮ ಸಭೆಯಲ್ಲಿ ಪಾಲಿಸೋಣ.